ದ್ರಾಕ್ಷೇತೋಟದ ರೋಗಗಳೂ ಆಕಾಶದ ಕಾವಲೂ

ಸತ್ಯವೇದವನ್ನು ಓದಿದವರಿಗೆ ದ್ರಾಕ್ಷೇತೋಟವು ಹೊಸದಲ್ಲ. ಯೆಶಾಯ ಪ್ರವಾದಿಯು ವರ್ಣಿಸಿದ ತೋಟದ ಯಜಮಾನನು ಬಳ್ಳಿಗಳನ್ನು ಹಚ್ಚಿ ಸುಮ್ಮನಾಗಲಿಲ್ಲ. ತೋಟದೊಳಗೆ ಒಂದು ಬುರುಜನ್ನೂ ಎಬ್ಬಿಸಿದನು. ಆ ಬುರುಜು ಏತಕ್ಕೆಂದು ಕೇಳಿದರೆ ಉತ್ತರವು ಸರಳವಾದದ್ದು. ಬಳ್ಳಿಗಳ ನಡುವೆ ನಿಂತವನಿಗೆ ತಾನು ನಿಂತ ಸಾಲು ಮಾತ್ರ ಕಾಣುವದು. ಎತ್ತರದಲ್ಲಿ ನಿಂತವನಿಗೆ ತೋಟವೆಲ್ಲವೂ ಒಂದೇ ನೋಟಕ್ಕೆ ಸಿಕ್ಕುವದು. ನಮ್ಮ ಸೀಮೆಯಲ್ಲಿ ಜೋಳದ ತೆನೆಯು ಹಾಲು ತುಂಬಿದಾಗ ಹಕ್ಕಿ ಕಾಯುವದಕ್ಕೆ ಅಟ್ಟಣೆ ಹಾಕುವದೂ ಇದೇ ಕಾರಣದಿಂದ.

ಈಗಿನ ಕಾಲದಲ್ಲಿ ಆ ಬುರುಜು ಬಹು ಎತ್ತರಕ್ಕೆ ಬೆಳೆದಿದೆ. ನೂರಾರು ಕಿಲೋಮೀಟರು ಮೇಲೆ ಭೂಮಿಯನ್ನು ಸುತ್ತುವ ಉಪಗ್ರಹಗಳು ನಮ್ಮ ತೋಟಗಳ ಚಿತ್ರಗಳನ್ನು ತೆಗೆಯುತ್ತವೆ. ಡ್ರೋನ್ ಎಂಬ ಪುಟ್ಟ ಹಾರುವ ಯಂತ್ರವು ಬಳ್ಳಿಗಳ ಮೇಲೆ ಸ್ವಲ್ಪವೇ ಎತ್ತರದಲ್ಲಿ ಸುಳಿದಾಡಿ ಇನ್ನೂ ಸೂಕ್ಷ್ಮವಾದ ಚಿತ್ರಗಳನ್ನು ತರುತ್ತದೆ. ವಸ್ತುವನ್ನು ಮುಟ್ಟದೆ, ಅದರಿಂದ ಬರುವ ಬೆಳಕನ್ನಾಗಲಿ ಕಾವನ್ನಾಗಲಿ ದೂರದಿಂದ ಅಳೆದು, ಅದರ ಸ್ಥಿತಿಯನ್ನು ತಿಳಿಯುವ ಈ ವಿದ್ಯೆಗೆ ದೂರಸಂವೇದನೆಯೆಂದು ಹೆಸರು. ಇದರ ಸಹಾಯದಿಂದ ದ್ರಾಕ್ಷೇಬಳ್ಳಿಯ ರೋಗವನ್ನು ಬಹು ಮುಂಚಿತವಾಗಿ ಕಂಡುಹಿಡಿಯಬಹುದೆಂಬ ಮಾತು ಈಚೆಗೆ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಈ ಮಾತಿನಲ್ಲಿ ನಿಜವೆಷ್ಟು, ಅತಿಶಯವೆಷ್ಟು ಎಂಬದನ್ನು ಅರಿಯುವದು ಅವಶ್ಯ. ಯಾಕಂದರೆ ನಮ್ಮ ಸೀಮೆಯ ಎಷ್ಟೋ ಮನೆಗಳ ವರ್ಷದ ಜೀವನವು ಆ ಬಳ್ಳಿಯ ಮೇಲೆಯೇ ನಿಂತಿದೆ. ಹೆಣ್ಣುಮಕ್ಕಳ ಶಾಲೆಯ ಫೀಯೂ ಮದುವೆಯ ಖರ್ಚೂ ಎಷ್ಟೋ ಸಾರೆ ಅದರಿಂದಲೇ ಹುಟ್ಟಬೇಕಾಗಿದೆ.

ನಮ್ಮ ಸೀಮೆಯ ಬಳ್ಳಿ

ಹಿಂದೆ ಬಿಜಾಪುರವೆನ್ನಿಸಿಕೊಂಡು 2014ರಿಂದ ವಿಜಯಪುರವೆಂದು ಕರೆಯಲ್ಪಡುವ ನಮ್ಮ ಜಿಲ್ಲೆಯು ದ್ರಾಕ್ಷಿಯ ಬೆಳೆಯಲ್ಲಿ ಕರ್ನಾಟಕಕ್ಕೆ ಮೊದಲನೆಯದು. ಟಿಕೋಟಾ, ಬಬಲೇಶ್ವರ, ಅಮೋಘಸಿದ್ಧನ ಹೆಸರಿನಿಂದ ಪ್ರಸಿದ್ಧವಾದ ಅರಕೇರಿ, ಈ ಊರುಗಳ ಸುತ್ತಲಿನ ನೆಲವು ಮಳೆಯ ಕೊರತೆಯುಳ್ಳದ್ದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯೂ ಹೆಚ್ಚಾಗಿ ಆಗಸ್ಟದಿಂದ ಅಕ್ಟೋಬರದ ವರೆಗೆ ಬರುವದು. ಕೊಳವೆಬಾವಿಗಳು ಬತ್ತಿದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರನ್ನು ಕೊಂಡು ತಂದು ಬಳ್ಳಿಯ ಜೀವವನ್ನು ಉಳಿಸಿದ ಒಕ್ಕಲು ಮನೆತನಗಳು ಇಲ್ಲಿ ಬೇಕಾದಷ್ಟುಂಟು. ಈಚೆಗೆ ತುಬಚಿ-ಬಬಲೇಶ್ವರ ಏತ ನೀರಾವರಿಯಂಥ ಕೆಲಸಗಳಿಂದ ಕೃಷ್ಣೆಯ ನೀರು ಈ ಕಡೆಗೆ ಬಂದು ತೋಟಗಳಿಗೆ ಆಸರೆಯಾಗಿದೆ.

ಇಲ್ಲಿಯ ಬಳ್ಳಿಗೆ ವರ್ಷಕ್ಕೆ ಎರಡು ಸಾರೆ ಚಾಟ್ನಿ ಮಾಡುವರು. ಏಪ್ರಿಲದ ಚಾಟ್ನಿಯು ಕಡ್ಡಿ ಬಲಿಯುವದಕ್ಕೆ. ಅಕ್ಟೋಬರದ ಚಾಟ್ನಿಯು ಹಣ್ಣಿಗಾಗಿ. ಅಕ್ಟೋಬರದಲ್ಲಿ ಕತ್ತರಿಸಿದ ಕಡ್ಡಿಯು ಚಿಗುರೊಡೆದು, ಸುಮಾರು ಆರು ವಾರಗಳ ಹೊತ್ತಿಗೆ ಹೂ ಬಿಟ್ಟು, ಫೆಬ್ರುವರಿ ಮಾರ್ಚಗಳಲ್ಲಿ ಹಣ್ಣು ಕೊಡುವದು. ಥಾಮ್ಸನ್ ಸೀಡ್‌ಲೆಸ್, ಸೋನಾಕ, ಮಾಣಿಕ್ ಚಮನ್ ಮುಂತಾದ ಬೀಜವಿಲ್ಲದ ಜಾತಿಗಳನ್ನು ಇಲ್ಲಿ ಹೆಚ್ಚಾಗಿ ಬೆಳೆದು, ಬಹುಪಾಲನ್ನು ಶೆಡ್ಡುಗಳಲ್ಲಿ ನೆರಳಿಗೆ ಒಣಗಿಸಿ ಮಣೂಕ ಮಾಡುತ್ತಾರೆ. ಒಂದು ಕಿಲೋ ಮಣೂಕಕ್ಕೆ ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಬೇಕು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಹೂವಿನ ಕಾಲದಲ್ಲಿ ಕೆಲವು ದಿವಸಗಳ ಅಜಾಗ್ರತೆಯಿಂದ ಗೊಂಚಲು ಉದುರಿದ ಮನೆಗೆ ಮಾರ್ಚದಲ್ಲಿ ಎಷ್ಟು ಬರಿದಾದ ಶೆಡ್ಡು ಎದುರಾಗುವದೆಂಬದು ತಿಳಿಯುವದು. ಸಾಲದ ಬಡ್ಡಿಯಾದರೋ ಹೂವಿನ ಸಂಗಡ ಉದುರುವದಿಲ್ಲ.

ಮೂರು ವೈರಿಗಳು

ದ್ರಾಕ್ಷೇಬಳ್ಳಿಗೆ ಬರುವ ರೋಗಗಳು ಅನೇಕ. ನಮ್ಮ ಒಕ್ಕಲಿಗರು ಹೆಚ್ಚಾಗಿ ಅಂಜುವದು ಮೂರಕ್ಕೆ.

ಮೊದಲನೆಯದು ದಾವಣಿ, ಪುಸ್ತಕಗಳಲ್ಲಿ ಇದಕ್ಕೆ ಬೂಜು ತುಪ್ಪಟ ರೋಗವೆನ್ನುವರು. ಎಲೆಯ ಮೇಲ್ಗಡೆಯಲ್ಲಿ ಎಣ್ಣೆಯ ಕಲೆಯಂತೆ ನಸುಹಳದಿ ಮಚ್ಚೆ ಮೂಡುವದು. ತಂಪಾದ ರಾತ್ರಿ ಕಳೆದ ಬೆಳಿಗ್ಗೆ ಅದೇ ಮಚ್ಚೆಯ ಕೆಳಗಡೆಯಲ್ಲಿ ಬಿಳಿಯ ಅರಳೆಯಂಥ ಬೂಷ್ಟು ಕಾಣಿಸುವದು. ಈ ರೋಗಕ್ಕೆ ನೀರು ಬೇಕು. ಎಲೆಯು ಮಳೆಯಿಂದಲೋ ಇಬ್ಬನಿಯಿಂದಲೋ ಕೆಲವು ತಾಸು ತೊಯ್ದಿದ್ದರೆ ರೋಗದ ಕಣಗಳು ಆ ನೀರಿನಲ್ಲಿ ಈಜಿ, ಎಲೆಯ ಕೆಳಮೈಯ ಉಸಿರು ರಂಧ್ರಗಳೊಳಗೆ ಹೊಗುವವು. ಹೊಕ್ಕ ತರುವಾಯ, ಹವೆಯು ಬೆಚ್ಚಗಿದ್ದರೆ, ಸುಮಾರು ನಾಲ್ಕರಿಂದ ಏಳು ದಿವಸಗಳಲ್ಲಿ ಮಚ್ಚೆಯು ಹೊರಗೆ ಕಾಣುವದು. ಎಳೆಯ ಗೊಂಚಲಿಗೆ ತಗುಲಿದರೆ ಗೊಂಚಲೇ ಕಂದಿ ಒಣಗುವದು.

ಎರಡನೆಯದು ಬೂದಿ ರೋಗ. ಇದಕ್ಕೆ ತೊಯ್ದ ಎಲೆ ಬೇಕಾಗಿಲ್ಲ. ಒತ್ತಾಗಿ ಬೆಳೆದ ಎಲೆಗಳ ನೆರಳಿನಲ್ಲಿ, ಗಾಳಿಯಾಡದ ಕಡೆಗೆ, ಬೂದಿ ಚೆಲ್ಲಿದಂತೆ ಎಲೆಯ ಮೇಲೆಯೂ ಕಾಯಿಯ ಮೇಲೆಯೂ ಹರಡುವದು. ಬಲಿಯುವ ಕಾಯಿ ಸೀಳುವದು. ಮೂರನೆಯದು ಕರ್ಪಾ ಎಂದು ಕರೆಯುವ ಚಿಬ್ಬು ರೋಗ. ಇದು ಮಳೆಗಾಲದ ಎಳೆಯ ಕುಡಿಗಳ ಮೇಲೆಯೂ ಎಲೆಗಳ ಮೇಲೆಯೂ ಕಪ್ಪು ಅಂಚಿನ ಚಿಕ್ಕ ಗುಳಿಗಳನ್ನು ಮಾಡುವದು.

ಈ ಮೂರರಲ್ಲಿಯೂ ದಾವಣಿಯ ಸ್ವಭಾವವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅಕ್ಟೋಬರದ ಚಾಟ್ನಿಯಾದ ಮೇಲಿನ ಆರೇಳು ವಾರಗಳೇ ಬಳ್ಳಿಗೆ ಅತ್ಯಂತ ಎಳೆಯ ಕಾಲ. ಮುಂಗಾರಿನ ಕೊನೆಯ ಮಳೆ ಬೀಳುವದೂ ಆಗಲೇ. 2009ರ ಸೆಪ್ಟೆಂಬರದ ಕೊನೆಯಲ್ಲಿಯೂ ಅಕ್ಟೋಬರದ ಆರಂಭದಲ್ಲಿಯೂ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾ ಮಳೆಯನ್ನೂ, 2020ರ ಅಕ್ಟೋಬರದಲ್ಲಿ ಭೀಮೆಯ ದಂಡೆಯನ್ನು ಮುಳುಗಿಸಿದ ಮಳೆಯನ್ನೂ ನೆನೆಸಿಕೊಂಡರೆ, ಇಂಥ ಹವೆಯು ನಮ್ಮ ಬಳ್ಳಿಯ ಎಳೆತನಕ್ಕೆ ಎಷ್ಟು ಸರಿಯಾಗಿ ಬಂದು ಒದಗುವದೆಂಬದು ಸ್ಪಷ್ಟವಾಗುವದು.

ದಾರಿಯ ಬದಿಯ ಸಾಲು

ದಾವಣಿಯು ಉತ್ತರ ಅಮೇರಿಕದಿಂದ ಹೊರಟು 1878ರಲ್ಲಿ ಫ್ರಾನ್ಸ ದೇಶದಲ್ಲಿ ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಅಲ್ಲಿಯ ತೋಟಗಳು ಎಲೆಯಿಲ್ಲದೆ ನಿಂತವು. 1882ರಲ್ಲಿ ಬೋರ್ಡೋ ಪ್ರಾಂತದ ಮಿಲಾರ್ದೆ ಎಂಬ ಸಸ್ಯಶಾಸ್ತ್ರಜ್ಞರು ಒಂದು ಸಂಗತಿಯನ್ನು ಗಮನಿಸಿದರು. ತೋಟಗಳ ಬಳ್ಳಿಗಳು ಎಲೆ ಉದುರಿಸಿದ್ದಾಗ್ಯೂ ದಾರಿಯ ಬದಿಯ ಸಾಲುಗಳು ಮಾತ್ರ ಹಸುರಾಗಿದ್ದವು. ವಿಚಾರಿಸಲಾಗಿ, ದಾರಿಹೋಕರು ಹಣ್ಣು ಕದಿಯದಂತೆ ಒಕ್ಕಲಿಗರು ಆ ಸಾಲುಗಳಿಗೆ ಮೈಲುತುತ್ತ, ಸುಣ್ಣಗಳನ್ನು ಕಲಸಿ ಚಿಮುಕಿಸಿ, ವಿಷದಂತೆ ಕಾಣಮಾಡಿದ್ದರು. ಕಳ್ಳರಿಗೆ ಹಾಕಿದ ಹೆದರಿಕೆಯು ರೋಗವನ್ನು ಓಡಿಸಿತ್ತು. ಮಿಲಾರ್ದೆಯವರು ಪ್ರಯೋಗಗಳನ್ನು ಮಾಡಿ 1885ರಲ್ಲಿ ಪ್ರಕಟಿಸಿದ ಆ ಔಷಧವೇ ಬೋರ್ಡೋ ದ್ರಾವಣ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಅದರ ಅಳತೆಯನ್ನು ಇಂದಿಗೂ ನಮ್ಮ ತೋಟಗಳಲ್ಲಿ ಬಲ್ಲರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಬಳಕೆಗೆ ತಂದರು.

ಈ ಕಥೆಯನ್ನು ಹೇಳಿದ್ದಕ್ಕೆ ಕಾರಣವುಂಟು. ಮಿಲಾರ್ದೆಯವರು ಕಂಡದ್ದು ಒಂದು ಎಲೆಯನ್ನಲ್ಲ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಇದ್ದ ಭೇದವನ್ನು. ದೂರಸಂವೇದನೆಯ ಮೂಲವೂ ಇದೇ. ಅದು ಕೂಡ ಭೇದವನ್ನು ತೋರಿಸುವ ವಿದ್ಯೆ. ಭೇದಕ್ಕೆ ಕಾರಣವನ್ನು ಹುಡುಕಬೇಕಾದವರು ಮನುಷ್ಯರೇ.

ಎಲೆಯ ಬೆಳಕು

ಸೂರ್ಯನ ಬೆಳಕಿನಲ್ಲಿ ಕಾಮನಬಿಲ್ಲಿನ ಬಣ್ಣಗಳೆಲ್ಲವೂ ಕೂಡಿರುವವು. ಎಲೆಯೊಳಗಿನ ಪತ್ರಹರಿತ್ತು ಅವುಗಳಲ್ಲಿ ನೀಲಿಯನ್ನೂ ಕೆಂಪನ್ನೂ ಹೀರಿಕೊಂಡು ಬಳ್ಳಿಗೆ ಆಹಾರವನ್ನು ಸಿದ್ಧಮಾಡುವದು. ಹಸುರನ್ನು ಕೆಲಮಟ್ಟಿಗೆ ಹಿಂದಕ್ಕೆ ಕಳುಹುವದು. ಆದಕಾರಣ ಎಲೆಯು ನಮಗೆ ಹಸುರಾಗಿ ಕಾಣುವದು. ಕೆಂಪಿನ ಆಚೆಗೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕೊಂದುಂಟು. ಆರೋಗ್ಯವುಳ್ಳ ಎಲೆಯು ಇದನ್ನು ಹೀರದೆ, ತನ್ನ ಒಳಗಿನ ಜೀವಕೋಶಗಳ ಪದರಗಳಿಂದ ಸುಮಾರು ಅರ್ಧದಷ್ಟನ್ನು ಹಿಂದಕ್ಕೆ ಎರಚುವದು. ನಮ್ಮ ಕಣ್ಣು ಅವಕೆಂಪನ್ನು ಕಾಣುವ ಹಾಗಿದ್ದರೆ ದ್ರಾಕ್ಷೇತೋಟವು ಮಧ್ಯಾಹ್ನದಲ್ಲಿ ಹಸುರಾಗಿ ಕಾಣದೆ ಆ ಬೆಳಕಿನಿಂದಲೇ ಥಳಥಳಿಸುತ್ತಿತ್ತು.

ಎಲೆಗೆ ರೋಗ ತಗುಲಿದಾಗ ಪತ್ರಹರಿತ್ತು ಕಡಿಮೆಯಾಗಿ ಕೆಂಪು ಬೆಳಕು ಹೆಚ್ಚು ಹಿಂದಿರುಗುವದು. ಒಳಗಿನ ಪದರಗಳು ಕುಸಿದು ಅವಕೆಂಪು ಕಡಿಮೆಯಾಗುವದು. ಈ ಎರಡನ್ನೂ ಅಳೆದು, ಅವುಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಬರುವ ಅಂಕಿಗೆ ಹಸುರಿನ ಸೂಚ್ಯಂಕವೆನ್ನಬಹುದು. ಒಂದು ಉದಾಹರಣೆ. ಒಳ್ಳೆಯ ಎಲೆಯು ಕೆಂಪಿನಲ್ಲಿ ನೂರಕ್ಕೆ 5, ಅವಕೆಂಪಿನಲ್ಲಿ 50 ಪಾಲು ಹಿಂದಿರುಗಿಸಿತೆನ್ನೋಣ. ವ್ಯತ್ಯಾಸ 45, ಮೊತ್ತ 55. ಸೂಚ್ಯಂಕವು ಸುಮಾರು 0.82. ಕಾಯಿಲೆಯ ಎಲೆಯು ಕೆಂಪಿನಲ್ಲಿ 12, ಅವಕೆಂಪಿನಲ್ಲಿ 36 ಹಿಂದಿರುಗಿಸಿದರೆ ವ್ಯತ್ಯಾಸ 24, ಮೊತ್ತ 48, ಸೂಚ್ಯಂಕವು 0.50. ಎಂಟನೆಯ ಇಯತ್ತೆಯ ಹುಡುಗಿಯು ಮಾಡಬಹುದಾದ ಈ ಲೆಕ್ಕವನ್ನೇ ಯಂತ್ರವು ಕೋಟಿಗಟ್ಟಲೆ ಚೌಕಗಳಿಗೆ ಮಾಡಿ, ಬಣ್ಣ ಹಚ್ಚಿ, ನಕಾಶೆಯಾಗಿ ಕೊಡುವದು.

ಕಾವನ್ನು ಅಳೆಯುವ ಕ್ಯಾಮರಾಗಳೂ ಉಂಟು. ಬಳ್ಳಿಯು ಎಲೆಯ ರಂಧ್ರಗಳಿಂದ ನೀರಿನ ಆವಿಯನ್ನು ಬಿಡುತ್ತ ತನ್ನ ಮೈಯನ್ನು ತಂಪಾಗಿಟ್ಟುಕೊಳ್ಳುವದು. ಬೆವರಿನಿಂದ ನಮ್ಮ ಮೈ ತಂಪಾಗುವಂತೆ. ರೋಗದ ಬೂಷ್ಟು ಈ ರಂಧ್ರಗಳ ಕೆಲಸವನ್ನು ಕೆಡಿಸಿದಾಗ ಎಲೆಯ ಕಾವು ಬದಲಾಗುವದು. ಮಚ್ಚೆ ಕಣ್ಣಿಗೆ ಬೀಳುವದಕ್ಕೆ ಮುಂಚೆಯೇ ಈ ಬದಲಾವಣೆಯನ್ನು ಪ್ರಯೋಗಶಾಲೆಗಳಲ್ಲಿ ಅಳೆದದ್ದುಂಟು. ಮುಂಚಿತವಾಗಿ ಕಾಣುವ ಆಸೆಗೆ ಇದೇ ಆಧಾರ.

ಮೇಲಿನಿಂದ ನೋಡಿದವರು

ಈ ವಿದ್ಯೆಯು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1929ರಲ್ಲಿಯೇ ಅಮೇರಿಕದ ಟೆಕ್ಸಾಸ ಪ್ರಾಂತದಲ್ಲಿ ಹತ್ತಿಯ ಬೇರುಕೊಳೆ ರೋಗವನ್ನು ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಗುರುತಿಸಿದರು. 1956ರಲ್ಲಿ ಕ್ಯಾಲಿಫೋರ್ನಿಯದ ರಾಬರ್ಟ ಕೋಲ್ವೆಲ್ ಅವರು ಅವಕೆಂಪಿನ ಫಿಲ್ಮಿನಿಂದ ಧಾನ್ಯದ ಬೆಳೆಗಳ ರೋಗವನ್ನು ತೋರಿಸಿಕೊಟ್ಟರು.

ನಮ್ಮ ದೇಶದಲ್ಲಿಯಂತೂ ಈ ವಿದ್ಯೆಯು ಆರಂಭವಾದದ್ದೇ ಒಂದು ಗಿಡದ ರೋಗದ ಸಲುವಾಗಿ. 1970ರ ಸುಮಾರಿಗೆ ಕೇರಳದಲ್ಲಿ ತೆಂಗಿಗೆ ಬೇರು ಸೊರಗುವ ರೋಗವು ಹಬ್ಬಿತ್ತು. ಆಗ ಪಿ. ಆರ್. ಪಿಷಾರೋಟಿಯವರ ಮುಂದಾಳುತನದಲ್ಲಿ ಹೆಲಿಕಾಪ್ಟರಿನಿಂದ ಅವಕೆಂಪಿನ ಫಿಲ್ಮಿನ ಮೇಲೆ ತೆಂಗಿನ ತೋಟಗಳ ಚಿತ್ರ ತೆಗೆದು, ರೋಗದ ಮರಗಳನ್ನು ಒಳ್ಳೆಯ ಮರಗಳಿಂದ ಬೇರ್ಪಡಿಸಿ ತೋರಿಸಿದರು. ತರುವಾಯ 1988ರ ಮಾರ್ಚ 17ರಂದು ಪ್ರಯೋಗಕ್ಕಲ್ಲದೆ ನಿತ್ಯದ ಬಳಕೆಗಾಗಿ ಮಾಡಿದ ಭಾರತದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಆಕಾಶಕ್ಕೆ ಏರಿತು. ಆ ವಂಶದ ಉಪಗ್ರಹಗಳನ್ನು ಬೆಂಗಳೂರಿನಲ್ಲಿ ಮುಖ್ಯ ಕಛೇರಿಯುಳ್ಳ ಇಸ್ರೋ ಸಂಸ್ಥೆಯು ಬೆಳೆಸಿಕೊಂಡು ಬಂದಿದೆ.

ದ್ರಾಕ್ಷಿಯ ವಿಷಯದಲ್ಲಿ 1993ರಲ್ಲಿ ಅಮೇರಿಕದ ನಾಸಾ ಸಂಸ್ಥೆಯವರು ಕ್ಯಾಲಿಫೋರ್ನಿಯದ ನಾಪಾ ಕಣಿವೆಯ ತೋಟಗಳಲ್ಲಿ, ಬಳ್ಳಿಯ ಬೇರನ್ನು ತಿನ್ನುವ ಫಿಲಾಕ್ಸೆರ ಎಂಬ ಹೇನಿನ ಹಾವಳಿಯನ್ನು ಮೇಲಿನಿಂದ ಗುರುತಿಸುವ ಕೆಲಸವನ್ನು ಕೈಕೊಂಡರು. 2023ರಲ್ಲಿ ಪ್ರಕಟವಾದ ಇನ್ನೊಂದು ಶೋಧವು ಹೆಚ್ಚು ಹೆಸರು ಪಡೆಯಿತು. ಕಾರ್ನೆಲ್ ವಿಶ್ವವಿದ್ಯಾಲಯದವರೂ ನಾಸಾದವರೂ ಕೂಡಿ, ಬೆಳಕನ್ನು ನಾನೂರಕ್ಕೂ ಹೆಚ್ಚು ಎಳೆಗಳಾಗಿ ಬಿಡಿಸಿ ಅಳೆಯುವ ಉಪಕರಣವನ್ನು ವಿಮಾನದಲ್ಲಿಟ್ಟು, ಕ್ಯಾಲಿಫೋರ್ನಿಯದ ಲೋಡಾಯ್ ಸೀಮೆಯ ತೋಟಗಳ ಮೇಲೆ ಹಾರಿಸಿದರು. ಎಲೆ ಸುರುಳಿಗೊಳ್ಳುವ ವೈರಸ ರೋಗವನ್ನು, ಲಕ್ಷಣ ಕಾಣುವದಕ್ಕೆ ಮುಂಚೆಯೂ ಕಂಡ ತರುವಾಯವೂ, ನೂರಕ್ಕೆ 87ರ ವರೆಗೆ ಸರಿಯಾಗಿ ಗುರುತಿಸಿದರು. ಅದೇ ಉಪಕರಣವು ಇಸ್ರೋ ಸಂಸ್ಥೆಯ ಸಹಕಾರದಿಂದ 2015-16ರಲ್ಲಿ ಭಾರತದ ಮೇಲೆಯೂ ಹಾರಿತ್ತು.

ಇದನ್ನು ಕೇಳಿ ಸಂತೋಷಪಡತಕ್ಕದ್ದೇ. ಆದರೆ ಒಂದು ಮಾತನ್ನು ಮರೆಯಬಾರದು. ಆ ವೈರಸ ರೋಗವು ಮೆಲ್ಲಗೆ ನಡೆಯುವಂಥದು. ಅದಕ್ಕೆ ಮದ್ದಿಲ್ಲ, ಬಳ್ಳಿಯನ್ನು ಕಿತ್ತುಹಾಕುವದೇ ಉಪಾಯ. ಅಲ್ಲಿ "ಮುಂಚಿತ" ಎಂದರೆ ತಿಂಗಳುಗಳ ಮಾತು. ನಮ್ಮ ದಾವಣಿಯಲ್ಲಿ "ಮುಂಚಿತ" ಎಂದರೆ ಮೂರು ನಾಲ್ಕು ದಿವಸಗಳ ಮಾತು. ಒಂದರ ಯಶಸ್ಸನ್ನು ಇನ್ನೊಂದಕ್ಕೆ ಹೊಂದಿಸಿ ಹೇಳುವವರ ಮಾತನ್ನು ತೂಗಿ ನೋಡಬೇಕು.

ಒಂದು ಗುಂಟೆಯ ಲೆಕ್ಕ

ಉಪಗ್ರಹದ ಚಿತ್ರವು ಚಿಕ್ಕ ಚಿಕ್ಕ ಚೌಕಗಳಿಂದ ಕೂಡಿದ್ದು. ಐರೋಪ್ಯ ದೇಶಗಳವರು 2015ರಿಂದ ಹಾರಿಸಿದ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಬಿಟ್ಟಿಯಾಗಿ ಎಲ್ಲರಿಗೂ ದೊರೆಯುತ್ತವೆ. ಅವುಗಳ ಒಂದು ಚೌಕವು 10 ಮೀಟರು ಉದ್ದ, 10 ಮೀಟರು ಅಗಲ. ಅಂದರೆ 100 ಚದರ ಮೀಟರು. ನಮ್ಮ ಲೆಕ್ಕದಲ್ಲಿ ಹೆಚ್ಚು ಕಡಿಮೆ ಸರಿಯಾಗಿ ಒಂದು ಗುಂಟೆ. ಸಾಲಿನಿಂದ ಸಾಲಿಗೆ 10 ಅಡಿ, ಬಳ್ಳಿಯಿಂದ ಬಳ್ಳಿಗೆ 6 ಅಡಿ ಬಿಟ್ಟ ತೋಟದಲ್ಲಿ ಒಂದು ಗುಂಟೆಗೆ ಸುಮಾರು 18 ಬಳ್ಳಿ. ಈ ಹದಿನೆಂಟು ಬಳ್ಳಿಗಳನ್ನೂ ಅವುಗಳ ನಡುವಿನ ನೆಲವನ್ನೂ ಕೂಡಿಸಿ ಉಪಗ್ರಹವು ಒಂದೇ ಅಂಕಿಯನ್ನು ಕೊಡುವದು. ಇಸ್ರೋದ ರಿಸೋರ್ಸಸ್ಯಾಟ್ ಉಪಗ್ರಹದ ಒಂದು ಕ್ಯಾಮರಾದ ಚೌಕವು 5.8 ಮೀಟರಿನದು, ಅದರಲ್ಲಿ ಆರು ಬಳ್ಳಿಗಳು ಹಿಡಿಸುವವು. ಇನ್ನೊಂದರ ಚೌಕವು 23.5 ಮೀಟರಿನದು, ಅದು ಐದೂವರೆ ಗುಂಟೆಯಷ್ಟಾಗುವದು.

ಹದಿನೆಂಟು ಬಳ್ಳಿಗಳಲ್ಲಿ ಒಂದರ ನಾಲ್ಕು ಎಲೆಗಳಿಗೆ ಎಣ್ಣೆಯ ಮಚ್ಚೆ ಮೂಡಿದರೆ ಆ ಒಂದು ಅಂಕಿಯು ಅಲುಗುವದೇ ಇಲ್ಲ. ಅಲುಗುವಷ್ಟು ರೋಗವಾಗುವ ಹೊತ್ತಿಗೆ ಅದನ್ನು ಕಾಣಲು ಉಪಗ್ರಹದ ಅವಶ್ಯವಿರುವದಿಲ್ಲ.

ಇನ್ನೊಂದು ತೊಡಕುಂಟು. ದಾವಣಿಗೆ ಬೇಕಾದ ಹವೆಯೇ ಮೋಡದ ಹವೆ. ಸೆಂಟಿನೆಲ್-2ರ ಜೋಡಿ ಉಪಗ್ರಹಗಳು ಐದು ದಿವಸಕ್ಕೊಮ್ಮೆ ನಮ್ಮ ಮೇಲೆ ಹಾಯುವವು. ಮೋಡ ಮುಚ್ಚಿದ ದಿವಸ ಹಾದರೆ ಚಿತ್ರದಲ್ಲಿ ಬಿಳಿಯ ಮುಸುಕು ಮಾತ್ರ ಕಾಣುವದು. ರೋಗವು ಓಡಾಡುವಾಗಲೇ ಕಾವಲುಗಾರನ ಕಣ್ಣು ಕಟ್ಟಿರುವದು. ಮೋಡವನ್ನು ತೂರಿ ನೋಡುವ ರೇಡಾರ ಉಪಗ್ರಹಗಳೂ ಉಂಟು. 2022ರಲ್ಲಿ ಇಸ್ರೋ ಹಾರಿಸಿದ ಇಓಎಸ್-04 ಅಂಥದು. ಆದರೆ ರೇಡಾರವು ನೆಲದ ತೇವವನ್ನೂ ಬೆಳೆಯ ಆಕಾರವನ್ನೂ ತಿಳಿಸುವದು; ಎಲೆಯ ಬಣ್ಣವನ್ನು ತಿಳಿಸದು.

ಹಾಗಾದರೆ ಉಪಗ್ರಹದಿಂದ ಪ್ರಯೋಜನವೇನು? ಮೆಲ್ಲಗೆ ನಡೆಯುವ ಸಂಗತಿಗಳಲ್ಲಿ ಅದು ಬಹು ಒಳ್ಳೆಯ ಸಾಕ್ಷಿ. ತೋಟದ ಯಾವ ಮೂಲೆಯು ವರ್ಷ ವರ್ಷವೂ ಸೊರಗುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಸವಳು ಏರುತ್ತಿದೆ, ಎಲ್ಲಿ ಎಲೆಗಳು ಅತಿಯಾಗಿ ಒತ್ತಿಕೊಂಡು ಬೂದಿ ರೋಗಕ್ಕೆ ನೆರಳು ಮಾಡಿಕೊಡುತ್ತಿವೆ ಎಂಬದನ್ನು ಅದು ಗುಂಟೆ ಗುಂಟೆಯಾಗಿ ತೋರಿಸುವದು. ರೋಗವು ತೋಟವನ್ನೆಲ್ಲ ಒಂದೇ ರಾತ್ರಿಯಲ್ಲಿ ಹಿಡಿಯುವದಿಲ್ಲ. ತಗ್ಗಿನಲ್ಲಿ, ಗಾಳಿಯಾಡದ ಸಂದಿಯಲ್ಲಿ, ಇಬ್ಬನಿ ತಡವಾಗಿ ಆರುವ ಬದಿಯಲ್ಲಿ ಮೊದಲು ಬೀಡು ಬಿಡುವದು. ಆ ಬೀಡುಗಳ ಪಟ್ಟಿಯನ್ನು ಬೇಸಿಗೆಯಲ್ಲಿಯೇ ಬರೆದಿಟ್ಟುಕೊಂಡ ಮನೆಯವರು ಅಕ್ಟೋಬರದಲ್ಲಿ ಮೊದಲು ಎಲ್ಲಿಗೆ ಹೋಗಬೇಕೆಂಬದನ್ನು ಬಲ್ಲರು.

ಡ್ರೋನಿನ ಚಿತ್ರದಲ್ಲಿ ಚೌಕವು ಕೆಲವೇ ಸೆಂಟಿಮೀಟರಿನದಾಗುವದು. ಒಂದೊಂದು ಬಳ್ಳಿಯೂ ಬೇರೆ ಬೇರೆಯಾಗಿ ಕಾಣುವದು. ಮೋಡದ ಕೆಳಗೂ ಹಾರಬಹುದು. ಆದರೆ ನಮ್ಮ ಬಳ್ಳಿಗಳು ಚಪ್ಪರದ ಮೇಲೋ ವೈ ಆಕಾರದ ಕಂಬಗಳ ಮೇಲೋ ಹಬ್ಬಿರುವವು. ಮೇಲಿನಿಂದ ನೋಡಿದರೆ ಚಪ್ಪರದ ಮೇಲ್ಹೊದಿಕೆ ಕಾಣುವದಲ್ಲದೆ, ಕೆಳಗಿನ ಎಲೆಯ ಹಿಂಬದಿಯೂ ನೆರಳಿನ ಗೊಂಚಲೂ ಕಾಣುವದಿಲ್ಲ. ದಾವಣಿಯ ಬಿಳಿ ಬೂಷ್ಟು ಹುಟ್ಟುವದು ಅಲ್ಲಿಯೇ.

ಹಳದಿಯೆಲ್ಲವೂ ರೋಗವಲ್ಲ

ನಕಾಶೆಯಲ್ಲಿ ಒಂದು ಭಾಗವು ಕೆಂಪಾಗಿ ಕಂಡಿತೆಂದು ಕೂಡಲೇ ಔಷಧಿ ಹೊಡೆಯುವದು ಅವಿಚಾರದ ಕೆಲಸ. ನಮ್ಮ ಎರೆ ಭೂಮಿಯಲ್ಲಿ ಸುಣ್ಣದ ಅಂಶ ಹೆಚ್ಚು. ಅಂಥಲ್ಲಿ ಬಳ್ಳಿಗೆ ಕಬ್ಬಿಣದ ಸತ್ವ ಸಿಕ್ಕದೆ ಎಳೆಯ ಎಲೆ ಹಳದಿಯಾಗುವದು. ಹನಿ ನೀರಾವರಿಯ ನಳಿಗೆ ಕಟ್ಟಿದರೂ, ಸಾರಜನಕ ಕಡಿಮೆಯಾದರೂ, ಸವಳು ನೀರು ಹಾಯಿಸಿದರೂ ಸೂಚ್ಯಂಕವು ಇಳಿಯುವದು. ಮೇಲಿನ ಕಣ್ಣು ಇವೆಲ್ಲವನ್ನೂ ಒಂದೇ ಬಣ್ಣದಲ್ಲಿ ಬರೆಯುವದು. ಬಳ್ಳಿಯು ದುಃಖದಲ್ಲಿದೆಯೆಂದು ಅದು ಹೇಳಬಲ್ಲದು. ದುಃಖದ ಕಾರಣವನ್ನು ಹೇಳಲು ಬಹುಮಟ್ಟಿಗೆ ಅಸಮರ್ಥವಾಗಿದೆ.

ಈ ಭೇದವು ಸಣ್ಣದಲ್ಲ. ಒಂದು ಹಂಗಾಮಿನಲ್ಲಿ ಹತ್ತಾರು ಸಾರೆ ಔಷಧಿ ಹೊಡೆಯುವ ರೂಢಿಯು ನಮ್ಮಲ್ಲಿದೆ. ಬೇಡವಾದಾಗ ಹೊಡೆದದ್ದು ಹಣದ ನಷ್ಟ ಮಾತ್ರವಲ್ಲ. ಅದು ಹಣ್ಣಿನ ಮೇಲೆ ಉಳಿಯುವದು, ಚಪ್ಪರದ ಕೆಳಗೆ ದುಡಿಯುವವರ ಮೈಗೂ ಉಸಿರಿಗೂ ತಗಲುವದು. ಒಂದೇ ಔಷಧಿಯನ್ನು ಮೇಲಿಂದ ಮೇಲೆ ಹೊಡೆದರೆ ರೋಗವು ಅದಕ್ಕೆ ಜಗ್ಗದಂತಾಗುವದು.

ಮನೆಯವರು ಮಾಡತಕ್ಕದ್ದು

ಆದದ್ದರಿಂದ ದಾವಣಿಯ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಬಳ್ಳಿಯನ್ನಲ್ಲ, ಹವೆಯನ್ನು. ಎಲೆಯು ತೊಯ್ಯದೆ ಈ ರೋಗವು ಒಳಹೊಗದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳಲ್ಲಿ ತಾನೇ ವರದಿ ಕಳುಹುವ ಮಳೆಮಾಪಕಗಳನ್ನು ಇಟ್ಟಿದೆ. ಅದರ ವರುಣ ಮಿತ್ರ ದೂರವಾಣಿಯಿಂದ ಹವೆಯ ಸಮಾಚಾರ ದೊರೆಯುವದು. ಪುಣೆಯಲ್ಲಿ 1997ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವು ಹವೆಗೆ ತಕ್ಕ ಸಲಹೆಗಳನ್ನು ಪ್ರಕಟಿಸುತ್ತದೆ. ಮಳೆಯು ಎಷ್ಟು ಬಿತ್ತು, ಎಲೆಯು ಎಷ್ಟು ತಾಸು ತೊಯ್ದಿತ್ತು, ರಾತ್ರಿಯ ಚಳಿ ಎಷ್ಟು ಎಂಬ ಮೂರು ಸಂಗತಿಗಳನ್ನು ದಿನಚರಿಯಲ್ಲಿ ಬರೆದಿಟ್ಟರೆ ರೋಗವು ಎಂದು ಕಾಣಿಸಿಕೊಳ್ಳಬಹುದೆಂಬದನ್ನು ಮುಂಗಡವಾಗಿ ಎಣಿಸಬಹುದು.

ಎರಡನೆಯದಾಗಿ, ನಕಾಶೆಯನ್ನು ತೆಗೆದು ಎಲ್ಲಿಗೆ ಹೋಗಬೇಕೆಂಬದನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ತೊಯ್ದ ರಾತ್ರಿಗಳಾದ ನಾಲ್ಕನೆಯ ದಿವಸದಿಂದ, ಬೇಸಿಗೆಯಲ್ಲಿ ಗುರುತಿಸಿಟ್ಟ ಬೀಡುಗಳಿಗೆ ಬೆಳಿಗ್ಗೆ ಬಿಸಿಲೇರುವದಕ್ಕೆ ಮುಂಚೆ ಹೋಗಿ, ಎಲೆಗಳನ್ನು ಮಗುಚಿ ನೋಡಬೇಕು.

ಮೂರನೆಯದಾಗಿ, ಸಂಶಯ ಬಂದ ಎಲೆಯನ್ನು ಪರೀಕ್ಷಿಸಬೇಕು. ಇದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದುಂಟು. ಎಲೆಯನ್ನು ಒದ್ದೆ ಕಾಗದದ ಸಂಗಡ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಾಯಿ ಕಟ್ಟಿ, ಒಂದು ರಾತ್ರಿ ಕತ್ತಲಲ್ಲಿ ಬೆಚ್ಚಗೆ ಇಡತಕ್ಕದ್ದು. ಬೆಳಿಗ್ಗೆ ಮಚ್ಚೆಯ ಕೆಳಗೆ ಹೊಸದಾಗಿ ಬಿಳಿ ಅರಳೆ ಮೂಡಿದ್ದರೆ ಅದು ದಾವಣಿಯೇ. ಮೂಡದಿದ್ದರೆ ಬೇರೆ ಕಾರಣವನ್ನು ಹುಡುಕಬೇಕು. ಹತ್ತರಷ್ಟು ದೊಡ್ಡದು ಮಾಡಿ ತೋರಿಸುವ ಚಿಕ್ಕ ದುರ್ಬೀನು ಬೂದಿ ರೋಗವನ್ನು ಗುರುತಿಸಲು ಸಾಕು.

ನಾಲ್ಕನೆಯದಾಗಿ, ಕಂಡದ್ದನ್ನು ನಕಾಶೆಯ ಮೇಲೆ ಬರೆದಿಡಬೇಕು. ಎರಡು ಮೂರು ವರ್ಷಗಳ ಬರೆಹವು ಕೂಡಿದರೆ, ಯಾವ ಪೇಟೆಯಲ್ಲಿಯೂ ಸಿಕ್ಕದ ಜ್ಞಾನವು ಆ ಮನೆಗೆ ದೊರೆಯುವದು. ಮೊಬೈಲಿನಲ್ಲಿ ಬಣ್ಣದ ನಕಾಶೆ ತೋರಿಸಿ ರೋಗವನ್ನು ಖಂಡಿತವಾಗಿ ಹೇಳುತ್ತೇವೆಂದು ಹಣ ಕೇಳುವವರು ಬಂದರೆ ಮೂರು ಪ್ರಶ್ನೆಗಳನ್ನು ಕೇಳತಕ್ಕದ್ದು: ನಿಮ್ಮ ಚೌಕವು ಎಷ್ಟು ದೊಡ್ಡದು? ಮೋಡದ ದಿವಸಗಳಲ್ಲಿ ಏನು ಮಾಡುವಿರಿ? ನೀವು ಹೇಳಿದ್ದು ನಿಜವೋ ಎಂಬದನ್ನು ಯಾವ ತೋಟದಲ್ಲಿ ಎಲೆ ಮಗುಚಿ ನೋಡಿದ್ದೀರಿ?

ಹೆಣ್ಣುಮಕ್ಕಳಿಗೆ ಒಂದು ಮಾತು

ನಮ್ಮ ತೋಟಗಳಲ್ಲಿ ಕುಡಿ ಕಟ್ಟುವವರು, ಕಾಯಿ ತೆಳುವು ಮಾಡುವವರು, ಹಣ್ಣು ಕೊಯ್ಯುವವರು, ಮಣೂಕ ಆರಿಸುವವರು ಹೆಚ್ಚಾಗಿ ಹೆಂಗಸರು. ಬಳ್ಳಿಯನ್ನು ಒಂದು ಮೊಳದ ಅಂತರದಿಂದ, ದಿವಸವೆಲ್ಲ ನೋಡುವವರು ಅವರೇ. ಎಲೆಯ ಹಿಂಬದಿಯ ಬಿಳುಪು ಮೊದಲು ಬೀಳುವದು ಅವರ ಕಣ್ಣಿಗೆ. ಆದರೆ ನಕಾಶೆಯೂ ಹವೆಯ ಸಮಾಚಾರವೂ ಬರುವ ಮೊಬೈಲು ಬಹಳ ಮನೆಗಳಲ್ಲಿ ಗಂಡಸರ ಕಿಸೆಯಲ್ಲಿರುವದು. ಹೀಗೆ ದೂರದ ಕಣ್ಣು ಒಬ್ಬರ ಕೈಯಲ್ಲಿ, ಹತ್ತಿರದ ಕಣ್ಣು ಇನ್ನೊಬ್ಬರಲ್ಲಿ ಇರುವದರಿಂದ ಎರಡೂ ಕೂಡಿ ನೋಡುವ ಪ್ರಸಂಗವು ಬರುವದಿಲ್ಲ.

ಕೇಂದ್ರ ಸರಕಾರವು 2023ರಲ್ಲಿ ಹೊರಡಿಸಿದ ನಮೋ ಡ್ರೋನ್ ದೀದಿ ಯೋಜನೆಯು ಮಹಿಳೆಯರ 15,000 ಸ್ವಸಹಾಯ ಸಂಘಗಳಿಗೆ ಡ್ರೋನು ಕೊಡುವ ಉದ್ದೇಶವುಳ್ಳದ್ದು. ಆ ಡ್ರೋನುಗಳು ಮುಖ್ಯವಾಗಿ ಸಿಂಪಡಿಸುವದಕ್ಕೆ, ನೋಡುವದಕ್ಕಲ್ಲ. ಆದಾಗ್ಯೂ ಯಂತ್ರವನ್ನು ನಡೆಸಲು ಕಲಿತ ಕೈಗೆ ನಕಾಶೆಯನ್ನು ಓದಲು ಕಲಿಯುವದು ದೂರದ ದಾರಿಯಲ್ಲ. ಶಾಲೆಯಲ್ಲಿ ಭೂಗೋಲದ ನಕಾಶೆ ಓದಿದವಳು, ಭಾಗಾಕಾರ ಬಲ್ಲವಳು, ಸಸ್ಯಶಾಸ್ತ್ರದ ಪಾಠದಲ್ಲಿ ಎಲೆಯ ಸೀಳು ಚಿತ್ರ ಬರೆದವಳು ಈ ವಿದ್ಯೆಗೆ ಬೇಕಾದ ಮೂಲ ಬಂಡವಾಳವನ್ನು ಆಗಲೇ ಪಡೆದಿದ್ದಾಳೆ. ಪೋಷಕರು ತಮ್ಮ ಮಕ್ಕಳ ಈ ಬಂಡವಾಳವನ್ನು ಪರೀಕ್ಷೆಯ ಗುಣಗಳೊಂದಿಗೇ ಮುಗಿಸದೆ, ಅಕ್ಟೋಬರದ ರಜೆಯಲ್ಲಿ ತೋಟದ ದಿನಚರಿಯನ್ನು ಅವರ ಕೈಗೆ ಕೊಟ್ಟು ನೋಡಲಿ.

ಬುರುಜಿನ ಮೇಲಿನ ಕಾವಲುಗಾರನು ದೂರದಲ್ಲಿ ಏನೋ ಅಲುಗಿತೆಂದು ಕೂಗಿ ಹೇಳಬಲ್ಲನು. ಅದು ನರಿಯೋ ನೆರಳೋ ಎಂಬದನ್ನು ತಿಳಿಯಬೇಕಾದರೆ ಯಾರಾದರೂ ಇಳಿದು ಸಾಲಿನೊಳಗೆ ನಡೆಯಬೇಕು. ಆಕಾಶದ ಕಾವಲು ಎಷ್ಟೇ ಹೆಚ್ಚಿದರೂ ಈ ನಡೆಯುವ ಕೆಲಸವು ಉಳಿದೇ ಇರುವದು. ಎಲ್ಲಿ ನಡೆಯಬೇಕೆಂಬದು ಮುಂಚಿತವಾಗಿ ತಿಳಿಯುವದೇ ಈ ವಿದ್ಯೆಯ ಉಪಕಾರ. ಅಷ್ಟೂ ನಮ್ಮಂಥ ಸೀಮೆಯ ಒಕ್ಕಲುತನಕ್ಕೆ ಕಡಿಮೆಯಾದದ್ದಲ್ಲ.